ಕಳೆದುಹೋದ 'ಅಂತೆ'ಯನ್ನು ಹುಡುಕುವುದು

ಪ್ರಶ್ನೆ: ನಾನು ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫೋಟೊ ಕಳಿಸಿದೆ. ನೆರೆ ನೀರು ತುಂಬಿದ ಹೆದ್ದಾರಿ, ಕಾರಿನ ಪಕ್ಕದಲ್ಲೇ ಈಜುತ್ತಿರುವ ಶಾರ್ಕ್. ಮಗಳು ನಕ್ಕುಬಿಟ್ಟಳು. 'ಇದು ನಾನು ಸ್ಕೂಲಲ್ಲಿದ್ದಾಗಿನಿಂದ ಓಡಾಡ್ತಿದೆ, ಕಳಿಸೋ ಮೊದಲು ಸ್ವಲ್ಪ ಪತ್ರಕರ್ತರ ಥರ ಯೋಚನೆ ಮಾಡಪ್ಪಾ' ಎಂದಳು. ಎಲ್ಲರ ಮುಂದೆ ಮುಜುಗರವಾಯಿತು. ಆದರೂ ಕೇಳುತ್ತೇನೆ. ಹಲ್ಲು ನೋವು ಬಂದರೆ ದಂತವೈದ್ಯರ ಹತ್ತಿರ ಹೋಗುತ್ತೇನೆ, ಹಲ್ಲು ಕೀಳುವುದನ್ನು ನಾನೇ ಕಲಿಯುವುದಿಲ್ಲ. ಸುದ್ದಿ ನಿಜವೋ ಸುಳ್ಳೋ ನೋಡುವುದು ಪತ್ರಕರ್ತರ ಕೆಲಸ. ಅದನ್ನು ನಾನೇಕೆ ಕಲಿಯಬೇಕು? ಒಂದು ಒಳ್ಳೆಯ ಪತ್ರಿಕೆ ಓದಿದರೆ ಸಾಲದೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಸಂಬಳ ತೆಗೆದುಕೊಂಡು ಮಾಡುತ್ತಿದ್ದ ಕೆಲಸವನ್ನು ಎಲ್ಲರೂ ಸುಮ್ನೆ ಮಾಡಬೇಕು ಎಂದರೆ ಯಾರಿಗಾದರೂ ರೇಗುತ್ತದೆ. ಆದರೆ ಹಲ್ಲಿನ ಹೋಲಿಕೆಯಲ್ಲಿ ಒಂದು ತೊಡಕಿದೆ. ಹಲ್ಲು ಕೀಳಲು ಬಾರದವರು ಬೇರೆಯವರ ಬಾಯಿಗೆ ಕೈ ಹಾಕುವುದಿಲ್ಲ. ನೀವು ಆ ಫೋಟೊವನ್ನು ಗುಂಪಿಗೆ ಕಳಿಸಿದಾಗ ಕೈ ಹಾಕಿದ್ದು ಬೇರೆಯವರ ಬಾಯಿಗೇ ಅಲ್ವಾ?

ಡೆಸ್ಕ್ ಎಂದರೆ ಏನು ಅಂತ ಹೇಳಿಬಿಡುತ್ತೇನೆ. ವರದಿಗಾರ ಬರೆದದ್ದು ನೇರವಾಗಿ ಅಚ್ಚಿಗೆ ಹೋಗುತ್ತಿರಲಿಲ್ಲ. ನಡುವೆ ಒಂದು ಮೇಜು, ಅದರ ಹಿಂದೆ ಒಬ್ಬ ಉಪಸಂಪಾದಕ. ಕಿರಿಕಿರಿ ಮಾಡುವುದೇ ಅವನ ಕೆಲಸ. ಇದನ್ನು ಹೇಳಿದ್ದು ಯಾರು? ಅವರು ಅಲ್ಲಿದ್ದರಾ, ಇಲ್ಲಾ ಯಾರೋ ಹೇಳಿದ್ದನ್ನು ಕೇಳಿದ್ದಾ? ಇವತ್ತಿನದಾ, ನಿನ್ನೆಯದಾ? ಯಾರ ಮೇಲೆ ಆರೋಪ ಬಂದಿದೆಯೋ ಅವರನ್ನು ಮಾತಾಡಿಸಿದಿರಾ? ಉತ್ತರ ಸರಿ ಬರದಿದ್ದರೆ ಸುದ್ದಿ ನಾಳೆಗೆ ಹೋಗುತ್ತಿತ್ತು, ಇಲ್ಲವೇ ಕಸದ ಬುಟ್ಟಿಗೆ. ವರದಿಗಾರನಿಗೂ ಡೆಸ್ಕಿಗೂ ಈ ವಿಷಯಕ್ಕೆ ನಿತ್ಯ ಜಗಳ. ಓದುಗರಿಗೆ ಆ ಜಗಳ ಕಾಣುತ್ತಿರಲಿಲ್ಲ, ಜಗಳ ಮುಗಿದ ಮೇಲೆ ಉಳಿದದ್ದು ಮಾತ್ರ ಕಾಣುತ್ತಿತ್ತು.

ಈಗ ನಿಮ್ಮ ಫೋನಿಗೆ ಬರುವುದರಲ್ಲಿ ಬಹುಪಾಲು ಯಾವ ಮೇಜನ್ನೂ ಹಾದು ಬಂದಿರುವುದಿಲ್ಲ. ಎಲ್ಲೋ ಯಾರೋ ಬರೆದರು, ಇನ್ಯಾರೋ ಕಳಿಸಿದರು, ನಿಮ್ಮ ಹೆಬ್ಬೆರಳ ಹತ್ತಿರ ಬಂದು ನಿಂತಿತು. ಅಲ್ಲಿಂದ ಮುಂದೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ನೀವು. ಆ ತೀರ್ಮಾನಕ್ಕೇ ನಮ್ಮಲ್ಲಿ ಸಂಪಾದನೆ, ಅಂದರೆ ಎಡಿಟಿಂಗ್, ಎನ್ನುತ್ತಿದ್ದರು. ಗುಂಪಿನಲ್ಲಿ ಹದಿನೈದು ಜನ ಇದ್ದರೆ ನೀವು ಹದಿನೈದು ಓದುಗರ ಸಂಪಾದಕ, ಬೇಕಾಗಿರಲಿ ಬೇಡವಾಗಿರಲಿ. ಅವರು ನಂಬುವುದು ಫೋಟೊವನ್ನಲ್ಲ, ಕಳಿಸಿದ ನಿಮ್ಮನ್ನು. ಅದಕ್ಕೇ ಈ ಕೆಲಸ ಸ್ವಲ್ಪ ಕಲಿಯಿರಿ ಎನ್ನುತ್ತಿದ್ದೇನೆ. ಪತ್ರಕರ್ತರಾಗಿ ಎಂದಲ್ಲ. ಆ ಮೇಜಿನ ಹಿಂದಿನ ನಾಲ್ಕು ಪ್ರಶ್ನೆ ಗೊತ್ತಿದ್ದರೆ ಸಾಕು.

ಅದರಲ್ಲಿ ಮುಖ್ಯವಾದ ಪ್ರಶ್ನೆ ನಮ್ಮ ಭಾಷೆಯೊಳಗೇ ಇದೆ. ಕನ್ನಡದಲ್ಲಿ 'ಅಂತೆ' ಎಂಬ ಒಂದು ಪುಟ್ಟ ಬಾಲ ಇದೆ ನೋಡಿ. 'ಅವರು ಬಂದರು' ಎಂದರೆ ನಾನು ಕಂಡೆ. 'ಅವರು ಬಂದರಂತೆ' ಎಂದರೆ ನಾನು ಕಾಣಲಿಲ್ಲ, ಯಾರೋ ಹೇಳಿದರು, ಜವಾಬ್ದಾರಿ ನನ್ನದಲ್ಲ. ಎಷ್ಟು ಅಚ್ಚುಕಟ್ಟು! ಬಾಯಿಮಾತಿನಲ್ಲಿ ನಾವೆಲ್ಲ ಇದನ್ನು ತಪ್ಪದೆ ಹಚ್ಚುತ್ತೇವೆ, ಮಕ್ಕಳು ಕೂಡ. ಆದರೆ ಒಂದು ಮಾತು ನಾಲ್ಕು ಜನರ ಕೈ ದಾಟುವಷ್ಟರಲ್ಲಿ ಮೊದಲು ಉದುರಿಹೋಗುವುದು ಈ 'ಅಂತೆ'ಯೇ. ಫಾರ್ವರ್ಡ್ ಆಗಿ ಬಂದದ್ದರಲ್ಲಿ ಅದು ಇರುವುದೇ ಇಲ್ಲ. 'ನಾಳೆಯಿಂದ ಹೀಗಾಗುತ್ತದೆ', 'ವಿಜ್ಞಾನಿಗಳು ಕಂಡುಹಿಡಿದಿದ್ದಾರೆ', ಎಲ್ಲವೂ ಕಣ್ಣಾರೆ ಕಂಡವರ ಧಾಟಿ. ಡೆಸ್ಕಿನಲ್ಲಿ ಕೂತವನು ಮಾಡುತ್ತಿದ್ದದ್ದು ಇಷ್ಟೇ: ಉದುರಿದ 'ಅಂತೆ'ಯನ್ನು ಹುಡುಕಿ ಮತ್ತೆ ಹಚ್ಚುವುದು. ಅಂತೆ ಅಂದರೆ ಯಾರಂತೆ? ಅವರಿಗೆ ಹೇಗೆ ಗೊತ್ತಂತೆ?

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿತ್ತು. ರಾತ್ರಿ ಹತ್ತೂವರೆ, ಪುಟ ಮುಗಿಸಿ ಕಳಿಸುವ ಹೊತ್ತು. ಪರಿಚಯದವರೊಬ್ಬರು ಫೋನ್ ಮಾಡಿ, ಹಿರಿಯ ಕಲಾವಿದರೊಬ್ಬರ ಹೆಸರು ಹೇಳಿ, 'ತೀರಿಕೊಂಡರಂತೆ' ಎಂದರು. ಒಬ್ಬರು ಹೇಳಿದ್ದನ್ನು ಹಾಕಬಾರದು ಎಂಬ ಪಾಠ ಆಗಲೇ ಆಗಿತ್ತು. ಆ ಕಲಾವಿದರನ್ನು ಬಲ್ಲ ಇನ್ನೊಬ್ಬರಿಗೆ ಫೋನ್ ಮಾಡಿದೆ. ಅವರು ನಿಟ್ಟುಸಿರು ಬಿಟ್ಟು 'ಹೌದು, ಹೋಗಿಬಿಟ್ಟರು' ಎಂದರು. ಅವರ ಮಾತಿನಲ್ಲಿ 'ಅಂತೆ' ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಎರಡು ಮೂಲ, ಎರಡೂ ತಾಳೆಯಾಗಿದೆ, ಹಳೆಯ ಫೋಟೊ ಹುಡುಕಿ ಒಳಪುಟದಲ್ಲಿ ಎರಡು ಕಾಲಂ ಹಾಕಿದೆ. ಬೆಳಿಗ್ಗೆ ಕಚೇರಿಗೆ ಮೊದಲ ಫೋನ್ ಬಂದದ್ದು ಆ ಕಲಾವಿದರಿಂದಲೇ. ಬೈಯಲಿಲ್ಲ ಪುಣ್ಯಾತ್ಮರು. 'ಫೋಟೊ ಚೆನ್ನಾಗಿದೆ, ಇದರ ಪ್ರತಿ ಸಿಗುತ್ತದೆಯೇ?' ಎಂದು ಕೇಳಿದರು.

ಆಮೇಲೆ ಜಾಡು ಹಿಡಿದು ಹೋದೆ. ನನಗೆ ಹೇಳಿದ ಇಬ್ಬರಿಗೂ ಸುದ್ದಿ ಮುಟ್ಟಿಸಿದ್ದು ಒಬ್ಬನೇ. ಅವನು ಕಂಡದ್ದು ಇಷ್ಟು: ಕಲಾವಿದರ ಮನೆ ಮುಂದೆ ನಿಂತ ಆ್ಯಂಬುಲೆನ್ಸ್. ಅದು ಬಂದಿದ್ದು ಪಕ್ಕದ ಮನೆಗೆ. ನಾನು ಇಬ್ಬರನ್ನು ಕೇಳಿದ್ದೆ, ಆದರೆ ಎರಡು ಬೇರನ್ನು ನೋಡಿರಲಿಲ್ಲ. ಒಂದೇ ಬೇರಿನ ಎರಡು ಕೊಂಬೆ ಅವು. ಇವತ್ತು ಒಂದೇ ವಿಷಯ ಐದು ಗುಂಪಿನಲ್ಲಿ ಬಂತು, ಹತ್ತು ವೆಬ್‌ಸೈಟಿನಲ್ಲಿ ಕಂಡಿತು, ಅದಕ್ಕೇ ನಿಜ ಎನ್ನುವವರನ್ನು ಕಂಡಾಗಲೆಲ್ಲ ನನಗೆ ಆ ಆ್ಯಂಬುಲೆನ್ಸ್ ನೆನಪಾಗುತ್ತದೆ. ಹತ್ತೂ ಒಂದೇ ಕಡೆಯಿಂದ ಎತ್ತಿಕೊಂಡಿದ್ದರೆ ಅದು ಹತ್ತಲ್ಲ, ಒಂದು. ಅದರ ಮೇಲೆ ಮನಸ್ಸಿನ ಕಿತಾಪತಿ ಬೇರೆ. ಪದೇಪದೇ ಕೇಳಿದ ಮಾತು ನಿಜವೆಂದು ಅನ್ನಿಸತೊಡಗುತ್ತದೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಆಗ ಫಾರ್ವರ್ಡ್ ಗುಂಡಿಯೇ ಇರಲಿಲ್ಲ.

ನೀವು ಲೆಕ್ಕದವರು, ನಿಮಗೆ ಇದು ಹೊಸದೇನಲ್ಲ. ವೋಚರ್ ಇಲ್ಲದೆ ಎಂಟ್ರಿ ಹಾಕುತ್ತೀರಾ? ಒಂದೇ ಬಿಲ್ಲಿನ ಎರಡು ಜೆರಾಕ್ಸ್ ತಂದು ಎರಡು ಖರ್ಚು ಎಂದರೆ ಒಪ್ಪುತ್ತೀರಾ? ಆಫೀಸಿನಲ್ಲಿ ಹತ್ತು ರೂಪಾಯಿಗೂ ರಶೀದಿ ಕೇಳುವವರು ಫೋನ್ ಕೈಗೆತ್ತಿಕೊಂಡ ಕೂಡಲೇ ಯಾಕೆ ಅಷ್ಟು ಉದಾರಿಗಳಾಗುತ್ತಾರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ನಿಮ್ಮ ಶಾರ್ಕನ್ನು ಹಿಡಿಯೋಣ. ಮೊದಲು ಸಂದೇಶವನ್ನೇ ಓದಿ. ಯಾವ ರಸ್ತೆ? ಯಾವ ದಿನ? ತೆಗೆದವರು ಯಾರು? ಇಷ್ಟು ದೊಡ್ಡ ವಿಚಿತ್ರ ಕಂಡವರು ತಮ್ಮ ಹೆಸರು ಹೇಳಿಕೊಳ್ಳದೆ ಬಿಡುತ್ತಾರಾ? ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪತ್ರಿಕೋದ್ಯಮದ ತರಗತಿಯ ಮೊದಲ ದಿನವೇ ಹೇಳಿಕೊಡುತ್ತಾರೆ. ಸುಳ್ಳು ಸುದ್ದಿಯಲ್ಲಿ 'ಏನು' ಮಾತ್ರ ದೊಡ್ಡದಾಗಿ ಇರುತ್ತದೆ, ಉಳಿದ ಐದರ ಜಾಗ ಖಾಲಿ. ಆ ಖಾಲಿ ಜಾಗ ಕಾಣಲು ಒಂದೇ ನಿಮಿಷ ಸಾಕು.

ಆಮೇಲೆ ಫೋಟೊವನ್ನೇ ಹುಡುಕಾಟಕ್ಕೆ ಕೊಡಿ. ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಚಿತ್ರ ಬೇರೆ ಎಲ್ಲೆಲ್ಲಿ ಇದೆ ಎಂದು ತೋರಿಸುತ್ತದೆ. ಟಿನ್‌ಐ ಎಂಬ ಇನ್ನೊಂದು ತಾಣದಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ನನಗೆ ಅದು ಇಷ್ಟ. ಹಾಗೆ ಹಿಂದೆ ಹಿಂದೆ ಹೋದರೆ ಕತೆ ಬಿಚ್ಚಿಕೊಳ್ಳುತ್ತದೆ. ಆ ಶಾರ್ಕ್ ಚಿತ್ರ 2011ರಲ್ಲಿ ಐರೀನ್ ಚಂಡಮಾರುತ ಬಂದಾಗ ಪೋರ್ಟೊ ರಿಕೊದ ರಸ್ತೆ ಎಂದು ಹೊರಟಿತು. 2017ರಲ್ಲಿ ಹಾರ್ವೆ ಚಂಡಮಾರುತದ ನೆರೆ ಬಂದಾಗ ಅದೇ ಶಾರ್ಕ್ ಹ್ಯೂಸ್ಟನ್ನಿನ ರಸ್ತೆಗೆ ಬಂತು. ಆಮೇಲೂ ಬೇರೆ ಬೇರೆ ಮಳೆಗೆ ಬೇರೆ ಬೇರೆ ಊರಿನಲ್ಲಿ ಈಜುತ್ತಲೇ ಇದೆ. ಆ ಶಾರ್ಕ್ ನಿಜವಾದದ್ದೇ, ಅದೇ ಇಲ್ಲಿನ ಸ್ವಾರಸ್ಯ. ಥಾಮಸ್ ಪೆಸ್ಚಾಕ್ ಎಂಬ ಛಾಯಾಗ್ರಾಹಕ ದಕ್ಷಿಣ ಆಫ್ರಿಕಾದ ಸಮುದ್ರದಲ್ಲಿ ತೆಗೆದ ಫೋಟೊ ಅದು. ಹಳದಿ ಕಯಾಕ್ ದೋಣಿಯಲ್ಲಿ ಕೂತ ಸಂಶೋಧಕ, ಅವನ ಹಿಂದೆಯೇ ಬಿಳಿ ಶಾರ್ಕ್. 2005ರಲ್ಲಿ ಒಂದು ಆಫ್ರಿಕನ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಯಾರೋ ಶಾರ್ಕನ್ನು ಮಾತ್ರ ಕತ್ತರಿಸಿ ನೆರೆ ನೀರಿಗೆ ಅಂಟಿಸಿದರು. ಅಸಲಿ ಫೋಟೊದ ಕತೆ ನಕಲಿಗಿಂತ ಚೆನ್ನಾಗಿದೆ. ಗುಂಪಿಗೆ ಅದನ್ನು ಕಳಿಸಿದ್ದರೆ ಮಗಳೂ ಮೆಚ್ಚುತ್ತಿದ್ದಳು.

ವೆಬ್‌ಸೈಟ್‌ಗಳ ವಿಷಯಕ್ಕೆ ಬರೋಣ. ಇಲ್ಲಿ ಓದಿಕೊಂಡವರೇ ಜಾಸ್ತಿ ಎಡವುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 10 ಜನ ಇತಿಹಾಸಕಾರರು, ಪಿಎಚ್‌ಡಿ ಪಡೆದವರು. 25 ಜನ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. 10 ಜನ ಸುದ್ದಿಸಂಸ್ಥೆಗಳಲ್ಲಿ ಫ್ಯಾಕ್ಟ್‌ಚೆಕ್, ಅಂದರೆ ನಿಜವೋ ಸುಳ್ಳೋ ಎಂಬ ತಪಾಸಣೆ, ಮಾಡುವವರು. ಎಲ್ಲರಿಗೂ ಮಕ್ಕಳ ಆರೋಗ್ಯದ ಬಗ್ಗೆ ಎರಡು ತಾಣಗಳನ್ನು ಕೊಟ್ಟು, ಯಾವುದನ್ನು ಹೆಚ್ಚು ನಂಬಬಹುದು ಎಂದು ಕೇಳಿದರು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1930ರಿಂದ ಇರುವ, ಹತ್ತಾರು ಸಾವಿರ ಮಕ್ಕಳ ವೈದ್ಯರು ಸದಸ್ಯರಾಗಿರುವ ಸಂಸ್ಥೆ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್, 2002ರಲ್ಲಿ ಅದರಿಂದ ಒಡೆದು ಹೋದ, ಗಟ್ಟಿ ರಾಜಕೀಯ ನಿಲುವಿನ ಪುಟ್ಟ ಗುಂಪು. ಹೆಸರು ಕೇಳಿದರೆ ಎರಡೂ ಒಂದೇ ತೂಕ. ಫ್ಯಾಕ್ಟ್‌ಚೆಕ್ ಮಾಡುವವರು ಎಲ್ಲರೂ ಸರಿಯಾಗಿ ಹೇಳಿದರು. ಇತಿಹಾಸಕಾರರಲ್ಲಿ ಅನೇಕರು ಎರಡೂ ಪರವಾಗಿಲ್ಲ ಎಂದರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆರಿಸಿದ್ದು ಆ ಪುಟ್ಟ ಗುಂಪನ್ನು.

ಕಾರಣ ಬುದ್ಧಿ ಅಲ್ಲ, ಅಭ್ಯಾಸ. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ತಾಣದಲ್ಲೇ ಕೂತು ಮೇಲಿಂದ ಕೆಳಗೆ ಓದಿದರು. ಲೋಗೊ ಚೆನ್ನಾಗಿದೆ, ಅಡಿಟಿಪ್ಪಣಿ ಇದೆ, ಕಾಗುಣಿತ ಸರಿ ಇದೆ. ಫ್ಯಾಕ್ಟ್‌ಚೆಕ್ ಮಾಡುವವರು ಒಂದು ನೋಟ ನೋಡಿ ಹೊರಗೆ ಬಂದರು. ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಇದಕ್ಕೆ ಪಕ್ಕಕ್ಕೆ ಓದುವುದು ಎನ್ನುತ್ತಾರೆ. ಒಬ್ಬರ ಬಗ್ಗೆ ತಿಳಿಯಬೇಕಾದರೆ ಅವರನ್ನೇ 'ನೀವು ಒಳ್ಳೆಯವರಾ?' ಎಂದು ಕೇಳಿದರೆ ಏನು ಬಂತು? ಅಕ್ಕಪಕ್ಕದವರನ್ನು ಕೇಳಬೇಕು. ಚೆನ್ನಾಗಿ ಕಾಣುವ ತಾಣ ಕಟ್ಟಿಸುವುದು ಈಗ ಒಂದು ಮಧ್ಯಾಹ್ನದ ಕೆಲಸ. 'ನಮ್ಮ ಬಗ್ಗೆ' ಪುಟ ಓದಿ ನಂಬುವುದನ್ನು ಮೊದಲು ಬಿಡಿ.

ಹಾಗಾದರೆ ಮೂಲ ಅಸಲಿ ಎಂದು ಗೊತ್ತಾದರೆ ಮುಗಿಯಿತಾ? ಅದೂ ಇಲ್ಲ. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯಲ್ಲಿ ಒಂದು ಸಾಲು ಬಂತು: ಶ್ವೇತಭವನದಲ್ಲಿ ಎರಡು ಸ್ಫೋಟ, ಬರಾಕ್ ಒಬಾಮ ಅವರಿಗೆ ಗಾಯ. ಖಾತೆ ಅಸಲಿಯೇ, ಬರೆದವರು ಮಾತ್ರ ಖಾತೆಗೆ ಕನ್ನ ಹಾಕಿದವರು. ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಕೆಲವೇ ನಿಮಿಷದಲ್ಲಿ ಸುಮಾರು 140 ಅಂಶ ಕುಸಿಯಿತು, ಸುಳ್ಳು ಎಂದು ಗೊತ್ತಾದ ಮೇಲೆ ಅಷ್ಟೇ ಬೇಗ ಮೇಲೆದ್ದಿತು. ಆ ನಡುವೆ ಷೇರು ಮಾರಿದವರ ಗತಿ ಯೋಚಿಸಿ. ಈಗ ಡೆಸ್ಕಿನವನ ಪ್ರಶ್ನೆ ಕೇಳಿ. ಶ್ವೇತಭವನದಲ್ಲಿ ಹತ್ತಾರು ಸಂಸ್ಥೆಗಳ ವರದಿಗಾರರು ದಿನವೂ ಇರುತ್ತಾರೆ. ಅಲ್ಲಿ ಎರಡು ಸ್ಫೋಟ ಆದರೆ ಒಬ್ಬರಿಗೆ ಮಾತ್ರ ಕೇಳಿಸುತ್ತದಾ? ದೊಡ್ಡ ಸುದ್ದಿ ಒಂದೇ ಕಡೆ ಇದ್ದರೆ ಕಾಯಬೇಕು. ಐದು ನಿಮಿಷ ಕಾದಿದ್ದರೆ ಸಾಕಿತ್ತು. ಕಾಯುವುದನ್ನು ಯಾರೂ ಕೌಶಲ ಎಂದು ಎಣಿಸುವುದಿಲ್ಲ, ನನ್ನನ್ನು ಕೇಳಿದರೆ ಅರ್ಧ ಕೆಲಸ ಅದೇ.

ಅಂಕಿಸಂಖ್ಯೆಗಳ ವಿಷಯದಲ್ಲಿ ನೀವು ನನಗಿಂತ ಮುಂದೆ ಇರಬೇಕು. ಆದರೂ ಒಂದು ಕತೆ ಹೇಳುತ್ತೇನೆ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು. ಸುದ್ದಿ ಹಾಗೇ ಹೋಯಿತು. ಎರಡು ಪಟ್ಟು! ಎಷ್ಟೋ ಹೆಂಗಸರು ಹೆದರಿ ಮಾತ್ರೆ ನಿಲ್ಲಿಸಿದರು. ಎರಡು ಪಟ್ಟು ಎಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿದವರು ಕಡಿಮೆ. ಹಳೆಯ ಮಾತ್ರೆ ತೆಗೆದುಕೊಳ್ಳುವ 7,000 ಜನರಲ್ಲಿ 1 ಇದ್ದದ್ದು ಹೊಸದರಲ್ಲಿ 2 ಆಗಿತ್ತು. ಬಸಿರಾದರೆ ಅದೇ ಅಪಾಯ ಇದಕ್ಕಿಂತ ಜಾಸ್ತಿ. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂಬ ಅಂದಾಜು ಇದೆ. ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಎರಡು ಪಟ್ಟು ಎಂಬುದು ಸರಿಯಾದ ಲೆಕ್ಕವೇ. ಆದರೆ ತಳದಲ್ಲಿ ಇದ್ದ ಅಂಕಿಯನ್ನು ಬಿಟ್ಟು ಪಟ್ಟನ್ನು ಮಾತ್ರ ಹೇಳಿದರು. ನಿಮ್ಮ ಆಫೀಸಿನಲ್ಲಿ ಯಾರಾದರೂ 'ಖರ್ಚು ದುಪ್ಪಟ್ಟಾಗಿದೆ ಸಾರ್' ಎಂದು ಓಡಿಬಂದರೆ ನೀವು ಮೊದಲು ಕೇಳುವುದು 'ಮೊದಲು ಎಷ್ಟಿತ್ತು?' ಅಂತ ತಾನೇ? ಫೋನಿನಲ್ಲಿ ಬಂದಾಗಲೂ ಅದೇ ಕೇಳಿ.

'ಅಧ್ಯಯನದಿಂದ ತಿಳಿದುಬಂದಿದೆ' ಎಂದಾಗ ಇನ್ನೊಂದು ಕೇಳಬೇಕು, ಎಷ್ಟು ಜನರ ಮೇಲೆ? 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ಒಂದು ಕಳಪೆ ಅಧ್ಯಯನ ಮಾಡಿದ. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬುದು ಅದರ ಸಾರ. ಪ್ರಯೋಗ ನಡೆದದ್ದು ನಿಜ, ಆದರೆ 15 ಜನರ ಮೇಲೆ. ಅಳೆದದ್ದು 18 ಬೇರೆ ಬೇರೆ ಸಂಗತಿ. ಅಷ್ಟು ಕಡಿಮೆ ಜನರಲ್ಲಿ ಅಷ್ಟು ಸಂಗತಿ ಅಳೆದರೆ ಒಂದಲ್ಲ ಒಂದು ಆಕಸ್ಮಿಕವಾಗಿ ಮೇಲೆ ಬರಲೇಬೇಕು, ಅದನ್ನೇ ತಲೆಬರಹ ಮಾಡಿಕೊಳ್ಳಬಹುದು. ಅವನ ಸಂಶೋಧನಾ ಸಂಸ್ಥೆ ಎಂಬುದು ಒಂದು ವೆಬ್‌ಸೈಟ್ ಮಾತ್ರ. ಸುದ್ದಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂತು, ಆಮೇಲೆ ಅವನೇ ಗುಟ್ಟು ಬಿಟ್ಟುಕೊಟ್ಟ. ಜನರ ಆರೋಗ್ಯದ ಜೊತೆ ಹೀಗೆ ಆಟವಾಡಬಹುದಾ ಎಂದು ಅವನ ಮೇಲೂ ಟೀಕೆ ಬಂತು, ಆ ಟೀಕೆಯಲ್ಲೂ ಸತ್ವ ಇದೆ ಎನ್ನಿ. ಆದರೆ ನನ್ನ ವೃತ್ತಿಯವರು ಎಷ್ಟು ಜನ ಪಕ್ಕದ ಟ್ಯಾಬ್ ತೆರೆಯದೆ ಅಚ್ಚು ಹಾಕಿದರು ಎಂದು ನೆನೆದರೆ ನಾಚಿಕೆಯಾಗುತ್ತದೆ.

ಒಂದು ಒಳ್ಳೆಯ ಪತ್ರಿಕೆ ಓದಿದರೆ ಸಾಲದೇ ಎಂದು ಕೇಳಿದ್ದಿರಲ್ಲ, ಅದಕ್ಕೆ ಉತ್ತರವೂ ಇಲ್ಲೇ ಇದೆ. ಓದಿ, ಖಂಡಿತ ಓದಿ, ತಪ್ಪು ಮಾಡಿದಾಗ ತಿದ್ದುಪಡಿ ಹಾಕುವ ಪತ್ರಿಕೆಯನ್ನೇ ಆರಿಸಿ ಓದಿ. ಆದರೆ ಒಳ್ಳೆಯ ಜಾಗದಲ್ಲೂ ಕೆಟ್ಟದ್ದು ನುಸುಳುತ್ತದೆ. ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಹುಟ್ಟಿಸಿದ ಪ್ರಬಂಧ ಬಂದದ್ದು ಯಾವುದೋ ಬೀದಿಬದಿಯ ತಾಣದಲ್ಲಲ್ಲ. 1998ರಲ್ಲಿ, ಲ್ಯಾನ್ಸೆಟ್ ಎಂಬ ಜಗತ್ತಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ. ಬರೆದವರಲ್ಲಿ ಮುಖ್ಯರು ಆ್ಯಂಡ್ರೂ ವೇಕ್‌ಫೀಲ್ಡ್, ನೋಡಿದ್ದು 12 ಮಕ್ಕಳನ್ನು. 12! ಇದರ ಬೆನ್ನು ಹತ್ತಿದ್ದು ಬ್ರಯಾನ್ ಡೀರ್ ಎಂಬ ಪತ್ರಕರ್ತ. ಅವರು ಕೇಳಿದ್ದೂ ಡೆಸ್ಕಿನ ಅದೇ ಹಳೆಯ ಪ್ರಶ್ನೆಗಳನ್ನೇ: ಆ ಮಕ್ಕಳು ಎಲ್ಲಿಂದ ಬಂದರು, ಇದಕ್ಕೆ ದುಡ್ಡು ಕೊಟ್ಟವರು ಯಾರು? ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಅವರಿಗೆ ಹಣ ಸಂದಿತ್ತು ಎಂಬುದು 2004ರಲ್ಲಿ ಬಯಲಾಯಿತು. ಲ್ಯಾನ್ಸೆಟ್ ಪ್ರಬಂಧವನ್ನು ಪೂರ್ತಿ ಹಿಂತೆಗೆದುಕೊಂಡದ್ದು 2010ರಲ್ಲಿ, ಅದೇ ವರ್ಷ ಅವರ ವೈದ್ಯಕೀಯ ನೋಂದಣಿಯೂ ಹೋಯಿತು. ನಡುವಿನ 12 ವರ್ಷದಲ್ಲಿ ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸದೆ ಕೂತವರಿಗೆ ಆ ತಿದ್ದುಪಡಿ ತಲುಪಿತಾ? ಇವತ್ತಿಗೂ ಆ ಮಾತು ಗುಂಪುಗಳಲ್ಲಿ ಓಡುತ್ತಿದೆ, 'ಅಂತೆ' ಇಲ್ಲದೆ.

ಇನ್ನು ಕೆಲವು ಸಣ್ಣ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ತಲೆಬರಹ ನೋಡಿ ಕಳಿಸಬೇಡಿ. ತಲೆಬರಹ ಬರೆಯುವವರು ಬಹಳ ಸಲ ವರದಿಗಾರರಲ್ಲ, ನಮ್ಮಂಥವರು, ಜಾಗಕ್ಕೆ ಹೊಂದುವಂತೆ ಬರೆಯುತ್ತಿದ್ದೆವು. ಒಳಗೆ 'ಸಾಧ್ಯತೆ ಇದೆ' ಎಂದಿದ್ದದ್ದು ಮೇಲೆ ಬರುವಷ್ಟರಲ್ಲಿ 'ಖಚಿತ' ಆಗಿರುತ್ತಿತ್ತು. ದಿನಾಂಕ ನೋಡಿ. ಸುಳ್ಳಿನಲ್ಲಿ ದೊಡ್ಡ ಪಾಲು ಹೊಸದಾಗಿ ಹೆಣೆದದ್ದಲ್ಲ, ಹಳೆಯ ನಿಜಕ್ಕೆ ಹೊಸ ದಿನಾಂಕ ಹಚ್ಚಿದ್ದು. ಸುದ್ದಿಯ ರೂಪದಲ್ಲಿರುವ ಜಾಹೀರಾತು ಎಲ್ಲೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಹೇಳಿರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ವಾಟ್ಸ್ಆ್ಯಪ್‌ನಲ್ಲಿ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಕಂಡರೆ ಅದು ಐದು ಅಥವಾ ಅದಕ್ಕಿಂತ ಜಾಸ್ತಿ ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದ ಅತ್ತೆಯೋ ಭಾವನೋ ಅದನ್ನು ಬರೆದವರಲ್ಲ. ಅವರ ಮೇಲೆ ರೇಗಬೇಡಿ, ಆದರೆ ಅವರ ಮೇಲಿನ ಪ್ರೀತಿಗೆ ಸಂದೇಶವನ್ನು ನಂಬಲೂ ಬೇಡಿ.

ಓದಿದ ಕೂಡಲೇ ಮೈ ಬಿಸಿಯಾದರೆ, 'ಈಗಲೇ ಎಲ್ಲರಿಗೂ ಹೇಳಬೇಕು' ಅನ್ನಿಸಿದರೆ, ಅದೇ ನಿಲ್ಲಬೇಕಾದ ಜಾಗ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಹಿಂಬಾಲಿಸಿತ್ತು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಹಿಡಿದಿತ್ತು. ಮನುಷ್ಯರ ಬದಲು ಕಂಪ್ಯೂಟರ್ ಪ್ರೋಗ್ರಾಂ ನಡೆಸುವ ಖಾತೆಗಳನ್ನು ತೆಗೆದು ನೋಡಿದರೂ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ, ಸುಳ್ಳನ್ನು ಓಡಿಸಿದ್ದು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಜಾಸ್ತಿ, ಓದಿದವರಿಗೆ ಅಚ್ಚರಿಯೂ ಹೇಸಿಗೆಯೂ ಜಾಸ್ತಿ ಆಗಿತ್ತು. ಇರಲೇಬೇಕಲ್ಲ, ಅದನ್ನು ಕಟ್ಟಿದವರಿಗೆ ನಡೆದದ್ದರ ಹಂಗಿಲ್ಲ.

ಎಐ ಬಂದ ಮೇಲೆ ಇದೆಲ್ಲ ಉಪಯೋಗಕ್ಕೆ ಬರುತ್ತದಾ ಎಂದು ನೀವು ಮುಂದೆ ಕೇಳುತ್ತೀರಿ. ನನಗೆ ಅನ್ನಿಸುವುದು, ಈಗಲೇ ಜಾಸ್ತಿ ಬರುತ್ತದೆ. ಎಐ ಚಿತ್ರ ಹಿಡಿಯಲು ಅದರಲ್ಲಿನ ಬೆರಳು ಎಣಿಸಿ ನೋಡಿ, ನೆರಳು ನೋಡಿ ಎಂಬ ಉಪಾಯಗಳು ವರ್ಷಕ್ಕೊಮ್ಮೆ ಹಳತಾಗುತ್ತವೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್ ಪಕ್ಕ ಸ್ಫೋಟವಾದಂತೆ ತೋರಿಸುವ ನಕಲಿ ಚಿತ್ರ ಹರಡಿತು. ಚಿತ್ರ ನೋಡಿದರೆ ಅನುಮಾನ ಬರದಿರಬಹುದು. ಆದರೆ ಅಲ್ಲಿ ಕೆಲಸ ಮಾಡುವ ಸಾವಿರಾರು ಜನರಲ್ಲಿ ಬೇರೆ ಯಾರೂ ಇನ್ನೊಂದು ಫೋಟೊ ಹಾಕಿರಲಿಲ್ಲ, ಅಲ್ಲಿನ ಅಗ್ನಿಶಾಮಕ ಇಲಾಖೆ ಅಂಥದ್ದೇನೂ ಆಗಿಲ್ಲ ಎಂದು ಬೇಗನೆ ತಿಳಿಸಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ಹಾಕಿಸಿಕೊಂಡರು. ಅಂಥ ಪ್ರಕರಣಗಳು ನಡೆದೇ ಇರಲಿಲ್ಲ. ಮೂಲ ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಮತ್ತೆ ವೋಚರ್.

ಕೊನೆಗೆ ಒಂದು ಎಚ್ಚರಿಕೆ. ನಾಲ್ಕು ಸಲ ಏಮಾರಿದವರು ಐದನೇ ಸಲ 'ಎಲ್ಲಾ ಸುಳ್ಳು, ನಾನು ಯಾವುದನ್ನೂ ನಂಬುವುದಿಲ್ಲ' ಎಂದು ಕೈ ಕಟ್ಟಿ ಕೂರುತ್ತಾರೆ. ಅದು ಜಾಣತನದ ಥರ ಕಾಣುತ್ತದೆ, ನಿಜವಾಗಿ ಸೋಮಾರಿತನ. ಎಲ್ಲ ಬಿಲ್ಲನ್ನೂ ತಳ್ಳಿಹಾಕುವವರು ಲೆಕ್ಕ ನೋಡಿದಂತಾಯಿತಾ?

2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಫೋರ್ಟ್ ಮೈಯರ್ಸ್ ಎಂಬ ಊರಿನಿಂದ ಒಂದು ವಿಡಿಯೊ ಬಂತು. ನೆರೆ ನೀರು ತುಂಬಿದ ಹಿತ್ತಲು, ಅದರಲ್ಲಿ ಒದ್ದಾಡುತ್ತಿರುವ ಶಾರ್ಕಿನಂಥ ದೊಡ್ಡ ಮೀನು. ಜನ ನಕ್ಕರು. ಹತ್ತು ವರ್ಷದಿಂದ ಆ ಹೆದ್ದಾರಿಯ ಶಾರ್ಕ್ ನೋಡಿ ನೋಡಿ ಎಲ್ಲರೂ ಜಾಣರಾಗಿದ್ದರು. ಅಸೋಸಿಯೇಟೆಡ್ ಪ್ರೆಸ್‌ನವರು ನಗಲೂ ಇಲ್ಲ, ನಂಬಲೂ ಇಲ್ಲ. ವಿಡಿಯೊ ತೆಗೆದ ಮನುಷ್ಯನನ್ನು ಹುಡುಕಿ ಮಾತಾಡಿಸಿದರು. ಮೂಲ ಫೈಲಿನಲ್ಲಿ ದಾಖಲಾಗಿದ್ದ ಸಮಯ ನೋಡಿದರು, ಚಂಡಮಾರುತ ಬಂದ ದಿನದ ಬೆಳಗ್ಗೆಯದೇ. ಮೀನು ತಿಳಿದವರಿಗೆ ತೋರಿಸಿದರು. ಒಬ್ಬರು ಮರಿ ಶಾರ್ಕ್ ಇದ್ದಂತಿದೆ ಎಂದರು, ಇನ್ನೊಬ್ಬರು ಇಷ್ಟರಲ್ಲಿ ಹೇಳುವುದು ಕಷ್ಟ ಎಂದರು, ಎರಡನ್ನೂ ಬರೆದರು. ವಿಡಿಯೊ ಅಸಲಿ.

ಈ ಎರಡನೇ ಶಾರ್ಕನ್ನು ಹುಡುಕಿ ನಿಮ್ಮ ಮಗಳಿಗೆ ಕಳಿಸಿ. ಅವಳು ಮತ್ತೆ ನಗುತ್ತಾಳೆ. ಆಗ ವೋಚರ್ ತೆಗೆದು ಮುಂದಿಡಿ.